ಗೀಜಗದ ಗೂಡು, ಮೂರು ಪದ, ಒಂದು ತಾಳಮದ್ದಳೆ

ಕೊನೆಗೂ ದಾರಿ ಸಿಕ್ಕಿತು. ಮೂರು ಪದದ ಟಿಪ್ಪಣಿಯಿಂದ ಪ್ಯಾರಾ ಕಟ್ಟುವ ಅಭ್ಯಾಸ ನಮ್ಮ ಮನೆಯಲ್ಲಿ ಮಳೆಗಾಲದ ಆರಂಭದಿಂದ ಕುಂಟುತ್ತಿತ್ತು. ಈ ವಾರ ಎದ್ದು ಓಡಿದೆ. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ. ನಕಲು ಬರವಣಿಗೆ, ಉಕ್ತಲೇಖನ, ಓದಿದ್ದನ್ನು ಬಾಯಲ್ಲಿ ಹೇಳಿಸುವುದು ಇವುಗಳ ಬಗ್ಗೆ ಇಲ್ಲಿ ಏನೂ ಇರುವುದಿಲ್ಲ. ಮನೆಯಲ್ಲೇ ಮಕ್ಕಳಿಗೆ ಕಲಿಸುವ ನೀವೆಲ್ಲ ಆ ಹಂತಗಳನ್ನು ದಾಟಿಯೇ ಬಂದಿರುತ್ತೀರಿ.

ಮಗಳಿಗೆ ಈಗ ಹತ್ತು ವರ್ಷ. ಚೆನ್ನಾಗಿ ಬರೆಯುತ್ತಾಳೆ. ಖಾಲಿ ಹಾಳೆ ಕೊಟ್ಟರೆ ಊಟದ ಹೊತ್ತಿಗೆ ಎರಡೂ ಬದಿ ತುಂಬಿರುತ್ತದೆ. ಒತ್ತು, ದೀರ್ಘ, ಮಹಾಪ್ರಾಣ ತಪ್ಪುವುದು ಅಪರೂಪ. ಆದರೆ ಬರವಣಿಗೆಯ ಪಠ್ಯಕ್ರಮಗಳಲ್ಲಿ ಹೆಚ್ಚಿನವು ಪೆನ್ನು ಹಿಡಿಯಲು ಹೆದರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ಅವು ಮಗುವಿನಿಂದ ಒಂದು ವಾಕ್ಯ ಹೊರಡಿಸುವುದಕ್ಕೆ ಶ್ರಮಿಸುತ್ತವೆ. ಇವಳಿಂದ ವಾಕ್ಯ ಹೊರಡಿಸುವ ಅಗತ್ಯವೇ ಇಲ್ಲ, ಹೊರಟ ವಾಕ್ಯದೊಳಗೆ ಏನಾದರೂ ಇರುವಂತೆ ಮಾಡಬೇಕಿತ್ತು. ಗೀಜಗದ ಬಗ್ಗೆ ಅವಳು ಮೊದಲು ಬರೆದದ್ದು ಹೀಗಿತ್ತು: "ಗೀಜಗವು ಪ್ರಕೃತಿಮಾತೆಯ ಮಡಿಲಲ್ಲಿ ಅರಳಿದ ಅದ್ಭುತ ನೇಕಾರ. ಅದರ ಗೂಡು ಕಣ್ಮನ ಸೆಳೆಯುವ ಕಲಾಕೃತಿ." ಓದಿದವರೆಲ್ಲ ಬೆನ್ನು ತಟ್ಟಿದರು. ಗೀಜಗವನ್ನು ಕಣ್ಣಲ್ಲಿ ನೋಡದವರೂ ಹೀಗೆ ಬರೆಯಬಹುದು ಎನ್ನುವುದು ನನ್ನ ತಕರಾರು. ತೋಟದಾಚೆ ಗದ್ದೆಯ ಅಂಚಿನ ಈಚಲು ಮರದಲ್ಲಿ ಗೂಡುಗಳು ನೇತಾಡುತ್ತಿವೆ, ಅವಳು ದಿನವೂ ಅಲ್ಲಿ ನಿಂತು ನೋಡುತ್ತಾಳೆ. ನೋಡಿದ್ದರಲ್ಲಿ ಒಂದು ಎಳೆಯೂ ಹಾಳೆಗೆ ಬಂದಿರಲಿಲ್ಲ.

ಒಂದು ವರ್ಷದ ಪಾಠ ಹಾರಿಸಿ ಮೇಲಿನ ಹಂತಕ್ಕೆ ಹಾಕಿ ಎಂದು ಸಲಹೆ ಕೊಟ್ಟವರಿದ್ದಾರೆ. ಮೇಲಿನ ಹಂತದಲ್ಲಿ ಇರುವುದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರದ ಪ್ರಬಂಧ. ಅದನ್ನು ಕೊಟ್ಟರೆ ಪ್ರಕೃತಿಮಾತೆಯ ಮಡಿಲು ಮೂರು ಪ್ಯಾರಾಗಳಿಗೆ ಹಿಗ್ಗುತ್ತದೆ, ಅಷ್ಟೇ. ಅವಸರವೂ ನಮಗಿಲ್ಲ. ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ) ಹತ್ತನೇ ತರಗತಿಯ ಪರೀಕ್ಷೆಗೆ ಕೂರಲು 14 ವರ್ಷ ತುಂಬಬೇಕು. ಅಲ್ಲಿಯವರೆಗೆ ಬರವಣಿಗೆಯ ಬುಡವನ್ನು ಗಟ್ಟಿ ಮಾಡಲು ಬೇಕಾದಷ್ಟು ಕಾಲವಿದೆ. ಹಾಗಾಗಿ ಕೆಳಗಿನ ಹಂತದ ಅಭ್ಯಾಸವನ್ನೇ ಉಳಿಸಿಕೊಂಡು ಅದರ ಹಲ್ಲುಗಳನ್ನು ಚೂಪು ಮಾಡುವುದೆಂದು ನಿರ್ಧರಿಸಿದೆ.

ಇಂಗ್ಲಿಷ್ ಪಠ್ಯಕ್ರಮದಿಂದ ಬಂದ ಈ ಅಭ್ಯಾಸ ನಿಮಗೆ ಗೊತ್ತಿರುವುದೇ. ಒಂದು ಪ್ಯಾರಾ ಓದಬೇಕು, ಪ್ರತಿ ವಾಕ್ಯದಿಂದ ಮೂರು ಮುಖ್ಯ ಪದಗಳನ್ನು ಬರೆದಿಟ್ಟುಕೊಳ್ಳಬೇಕು, ಮೂಲವನ್ನು ಮುಚ್ಚಿಟ್ಟು ಆ ಪದಗಳಿಂದ ಸ್ವಂತ ಪ್ಯಾರಾ ಕಟ್ಟಬೇಕು. ಇಂಗ್ಲಿಷ್‌ನಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಕನ್ನಡದಲ್ಲಿ ಮೊದಲ ದಿನವೇ ಕೈ ಕೊಟ್ಟಿತು. ನಾನು ಬರೆದುಕೊಟ್ಟ ಪ್ಯಾರಾದ ಒಂದು ವಾಕ್ಯ ಇದು: "ಮುಂಗಾರು ಹಿಡಿಯುತ್ತಿದ್ದಂತೆ ಗಂಡು ಗೀಜಗ ಹಸಿ ಹುಲ್ಲಿನ ಅಂಚನ್ನು ಕಚ್ಚಿ, ಉದ್ದಕ್ಕೆ ಸೀಳಿ, ಕೊಂಬೆಗೆ ಗಂಟು ಹಾಕುತ್ತದೆ." ಅವಳು ಆರಿಸಿದ ಪದಗಳು ಹಿಡಿಯುತ್ತಿದ್ದಂತೆ, ಸೀಳಿ, ಹಾಕುತ್ತದೆ. ಆರಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮೂರು ಪದಗಳ ಹೊಟ್ಟೆಯಲ್ಲಿ ಏನೇನಿದೆ ನೋಡಿ. ಮೊದಲನೆಯದು ಕಾಲದ ಸಂಬಂಧವನ್ನೇ ಹೊತ್ತಿದೆ. ಎರಡನೆಯದು ಕೃದಂತಾವ್ಯಯ, ಅಂದರೆ ಅಪೂರ್ಣ ಕ್ರಿಯೆ; ಅದೇ ಹಕ್ಕಿ ಮುಂದೆ ಇನ್ನೊಂದು ಕೆಲಸ ಮಾಡಲಿದೆ ಎಂದು ಹೇಳಿಬಿಡುತ್ತದೆ. ಮೂರನೆಯದರಲ್ಲಿ ಲಿಂಗ, ವಚನ, ಕಾಲ ಎಲ್ಲವೂ ಇವೆ. ವಾಕ್ಯದ ಕೀಲುಗಳೆಲ್ಲ ಪ್ರತ್ಯಯಗಳಲ್ಲೇ ಕೂತಿರುವಾಗ ಮೂರು ಪದ ಉಳಿಸಿಕೊಂಡರೆ ಇಡೀ ವಾಕ್ಯವನ್ನೇ ಉಳಿಸಿಕೊಂಡಂತೆ. ಅವಳು ಮೂಲ ವಾಕ್ಯವನ್ನು ಅಕ್ಷರ ಬಿಡದೆ ಮತ್ತೆ ಬರೆದು ಹಾಳೆಯನ್ನು ನನ್ನ ಮುಂದಿಟ್ಟಳು, ಬಹಳ ಖುಷಿಯಾಗಿಯೇ.

ಹಾಗಾಗಿ ನಿಯಮ ಬದಲಾಯಿತು. ಟಿಪ್ಪಣಿಯಲ್ಲಿ ಪ್ರತ್ಯಯಕ್ಕೆ ಪ್ರವೇಶವಿಲ್ಲ. ನಾಮಪದವಾದರೆ ಪ್ರಕೃತಿ (ಪ್ರತ್ಯಯ ಸೇರದ ಮೂಲ ರೂಪ) ಮಾತ್ರ, ಕ್ರಿಯಾಪದವಾದರೆ ಧಾತು (ಕ್ರಿಯೆಯ ಮೂಲ ರೂಪ) ಮಾತ್ರ. ಮುಂಗಾರು, ಸೀಳು, ಗಂಟು. ಇವುಗಳನ್ನು ನಾವು ಬೀಜಪದಗಳೆಂದು ಕರೆಯುತ್ತೇವೆ. ಈಗ ವಿಭಕ್ತಿ ಯಾವುದು, ಕಾಲ ಯಾವುದು, ಯಾವ ಕೆಲಸ ಮೊದಲು ಎಂದು ಅವಳೇ ತೀರ್ಮಾನಿಸಬೇಕು. ನಿಮ್ಮ ಮನೆಯಲ್ಲಿ ಇಂಗ್ಲಿಷ್ ಪಠ್ಯಕ್ರಮವನ್ನು ಕನ್ನಡಕ್ಕೆ ಒಗ್ಗಿಸುತ್ತಿದ್ದರೆ ಬೇರೇನು ಬಿಟ್ಟರೂ ಇದೊಂದನ್ನು ಬಿಡಬೇಡಿ. ವ್ಯಾಕರಣವನ್ನು ಬೇರೆ ಪಾಠವಾಗಿ ಕಲಿಸುವ ಹೊರೆಯೂ ಅರ್ಧ ಇಳಿಯುತ್ತದೆ.

ಅದೇ ಪಠ್ಯಕ್ರಮದ ಅಲಂಕಾರದ ಪಟ್ಟಿಯನ್ನು ಮಾತ್ರ ನಾನು ಹರಿದು ಹಾಕಿದೆ. ಪ್ರತಿ ಪ್ಯಾರಾದಲ್ಲಿ ಒಂದು ಕ್ರಿಯಾವಿಶೇಷಣ ಬೇಕು, ಒಂದು ಸಂಬಂಧಸೂಚಕ ಉಪವಾಕ್ಯ ಬೇಕು ಎಂದೆಲ್ಲ ಅದು ಕೇಳುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ಸುಂದರವಾಗಿ, ವೇಗವಾಗಿ, ಅದ್ಭುತವಾಗಿ ಎಂಬ "ಆಗಿ"ಗಳ ಮೆರವಣಿಗೆ ಹೊರಡುತ್ತದೆ, "ಯಾವ ಹಕ್ಕಿಯು ಗೂಡು ಕಟ್ಟುತ್ತದೆಯೋ ಆ ಹಕ್ಕಿಯು" ಎಂಬ ವಾಕ್ಯಗಳು ಹುಟ್ಟುತ್ತವೆ. "ಗೂಡು ಕಟ್ಟುವ ಹಕ್ಕಿ" ಎಂದು ಸಲೀಸಾಗಿ ಹೇಳುವ ಮಗುವಿಗೆ ಇದೆಂಥ ಶಿಕ್ಷೆ! ಅದರ ಬದಲು ನಮ್ಮ ಪಟ್ಟಿಯಲ್ಲಿ ಒಂದೇ ಪರಿಶೀಲನೆ ಇದೆ: ವಾಕ್ಯಗಳ ಕೊನೆಯ ಪದಗಳನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದುವುದು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಕಟ್ಟುತ್ತದೆ, ಹಾರುತ್ತದೆ, ತರುತ್ತದೆ, ನೋಡುತ್ತದೆ ಎಂದು ಸಾಲುಗಟ್ಟಿದರೆ ಮಗುವಿನ ಕಿವಿಗೇ ಬೇಸರ ಬರುತ್ತದೆ. ಆಗ ಒಂದು ವಾಕ್ಯ "ಅಲ್ಲ" ಎಂದು ಮುಗಿಯಬಹುದು, ಒಂದು ಪ್ರಶ್ನೆಯಾಗಬಹುದು, ಒಂದಕ್ಕೆ ಕ್ರಿಯಾಪದವೇ ಇಲ್ಲದಿರಬಹುದು. ಇದನ್ನು ಅವಳು ಒಂದೇ ಬಾರಿಗೆ ಹಿಡಿದುಕೊಂಡಳು. ಈಗ ಪತ್ರಿಕೆಯ ಸುದ್ದಿಗಳ ಕೊನೆಯ ಪದಗಳನ್ನೂ ಹೀಗೆ ಓದಿ ಅಜ್ಜಿಯನ್ನು ನಗಿಸುತ್ತಾಳೆ.

ಇಷ್ಟಾದರೂ ಮೂಲ ಸಮಸ್ಯೆ ಜಗ್ಗಲಿಲ್ಲ. ಚೆನ್ನಾಗಿ ಬರೆಯುವ ಮಕ್ಕಳ ನೆನಪಿನ ಶಕ್ತಿಯೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಧಾತು ಮಾತ್ರ ಕೊಟ್ಟರೂ ಅವಳಿಗೆ ಮೂಲದ ಲಯ ನೆನಪಿರುತ್ತಿತ್ತು, ಅದೇ ಲಯಕ್ಕೆ ಪದಗಳು ಬಂದು ಕೂರುತ್ತಿದ್ದವು. ಇಲ್ಲಿ ಅಮೆರಿಕದ ಲೇಖಕ, ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್ ನೆನಪಾದ. ಬಾಸ್ಟನ್ನಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ, ತನಗೆ ಮೆಚ್ಚುಗೆಯಾದ ಲಂಡನ್ ಪತ್ರಿಕೆಯೊಂದರ ಪ್ರಬಂಧಗಳನ್ನು ಹೀಗೆಯೇ ಸಣ್ಣ ಸೂಚನೆಗಳಾಗಿ ಬರೆದಿಟ್ಟುಕೊಂಡು, ಕೆಲವು ದಿನ ಬಿಟ್ಟು ಮತ್ತೆ ಪ್ರಬಂಧವಾಗಿ ಕಟ್ಟುತ್ತಿದ್ದ. ಆಮೇಲೆ ಮೂಲದೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಅವನ ಇನ್ನೊಂದು ಉಪಾಯ ಸೂಚನೆಗಳನ್ನೆಲ್ಲ ಬೇಕೆಂದೇ ಕಲಸಿಹಾಕಿ, ಕೆಲವು ವಾರಗಳ ನಂತರ ಸರಿಯಾದ ಕ್ರಮ ತಾನೇ ಹುಡುಕುವುದು. ನಾವೂ ಬೀಜಪದಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ ಕುಲುಕಿದೆವು. ಇದರಿಂದ ಕ್ರಮ ಸ್ವಂತದ್ದಾಯಿತು. ದನಿ ಮಾತ್ರ ಮೂಲದ್ದೇ.

ಚೀಟಿ ಎಂದಾಗ ಒಂದು ಗೋಳು ಹೇಳಿಕೊಳ್ಳಲೇಬೇಕು. ಕನ್ನಡ ಮಕ್ಕಳಿಗೆ ಸರಿಯಾದ ನೋಟ್‌ಪುಸ್ತಕ ಮಾಡುವವರು ಎಲ್ಲಿದ್ದಾರೆ? ಅಂಗಡಿಯಲ್ಲಿ ಸಿಗುವ ಒಂದು ಗೆರೆಯ ಪುಸ್ತಕದಲ್ಲಿ "ಸ್ತ್ರೀ" ಎಂದು ಬರೆದು ನೋಡಿ, ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತವೆ. ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷ್ ಅಕ್ಷರದ ಅಳತೆಯದು. ಅಗಲ ಗೆರೆಯದ್ದನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಚಿತ್ರದಲ್ಲಿ ತೋರಿಸಿದ್ದು ಅಗಲ, ಪೊಟ್ಟಣದಲ್ಲಿ ಬಂದದ್ದು ಕಿರಿದು. ನಾನೇ ಗೆರೆ ಹಾಕಿದ ಹಾಳೆ ತಯಾರಿಸಿ, ಮೇಲ್ಗಡೆ ಬೀಜಪದಗಳನ್ನು ಟೈಪ್ ಮಾಡಿ ಮುದ್ರಣಕ್ಕೆ ಕೊಟ್ಟೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಕಳಚಿ ಹಲಂತಗಳಾಗಿ (ಅರ್ಧಾಕ್ಷರಗಳಾಗಿ) ನಿಂತಿದ್ದವು. ಕಡತವನ್ನು ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಅಡಕವಾಗಿದೆಯೇ ಎಂದು ನೋಡಿಯೇ ಕೊಡಿ. ಚಳಿಗಾಲದ ಹೊತ್ತಿಗೆ ಪುಸ್ತಕವನ್ನು ಮನೆಯಲ್ಲೇ ಹೊಲಿಯುವ ಯೋಚನೆಯಿದೆ: ಒತ್ತಿಗೆ ಜಾಗವಿರುವ ಗೆರೆ, ದಪ್ಪ ಕಾಗದ, ಬೆನ್ನಿಗೆ ಖಾದಿ ಬಟ್ಟೆ. ಸೂಜಿ, ಮೇಣದ ದಾರ ಆಗಲೇ ತಂದಿಟ್ಟಿದ್ದೇನೆ.

ಸರಿ, ದನಿಯ ಸಮಸ್ಯೆ. ಪರಿಹಾರ ನಮ್ಮೂರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ಸಿಕ್ಕಿತು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮಗೆ ಮಳೆಗಾಲದಲ್ಲಿ ತಾಳಮದ್ದಳೆ ಊಟದಷ್ಟೇ ಸಹಜ. ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಆ ನಾಲ್ಕು ಸಾಲುಗಳನ್ನು ಸ್ಥಳದಲ್ಲೇ ಗದ್ಯವಾಗಿ ಬೆಳೆಸುತ್ತಾರೆ, ಅದಕ್ಕೆ ಅರ್ಥ ಎನ್ನುತ್ತಾರೆ. ಅಂದು ರಾತ್ರಿ ಒಂದೇ ಪದ್ಯದ ಎಳೆ ಹಿಡಿದು ಕೃಷ್ಣನ ಪಾತ್ರಧಾರಿ ಒಂದು ಲೋಕ ಕಟ್ಟಿದರೆ, ಎದುರು ಕೂತ ಕೌರವ ಅದೇ ಎಳೆಯನ್ನು ಎಳೆದು ಇನ್ನೊಂದು ಲೋಕ ಕಟ್ಟಿದ. ಮಗಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ನನಗೆ ಹೊಳೆದುಬಿಟ್ಟಿತು. ಬೀಜಪದದ ಪಟ್ಟಿಯೇ ಪದ್ಯ, ಕಟ್ಟುವ ಪ್ಯಾರಾವೇ ಅರ್ಥ. ಇಲ್ಲಿ ಕೊರತೆಯಾಗಿದ್ದದ್ದು ಪಾತ್ರ. ಯಾರ ಬಾಯಿಂದ ಬರುವ ಮಾತು ಎಂಬುದು ನಿಶ್ಚಯವಾದರೆ ಮೂಲದ ದನಿ ತಾನಾಗಿ ಕಳಚಿಹೋಗುತ್ತದೆ, ಏಕೆಂದರೆ ಆ ದನಿ ಆ ಬಾಯಿಗೆ ಹೊಂದುವುದೇ ಇಲ್ಲ.

ಮರುದಿನ ಅದೇ ಗೀಜಗದ ಚೀಟಿಗಳನ್ನು ಹೊರತೆಗೆದೆ. ಗೀಜಗದ ಬದುಕಿನಲ್ಲಿ ವಾದಕ್ಕೆ ಬೇಕಾದಷ್ಟು ಸರಕಿದೆ. ಗೂಡು ಕಟ್ಟುವುದು ಗಂಡು. ಗೂಡು ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆಯೂ ಇಳಿಬಿದ್ದ ಕೊಳವೆಯಂಥ ಬಾಗಿಲೂ ಪೂರ್ತಿಯಾಗುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. 1930ರ ಸುಮಾರಿಗೆ ಮುಂಬೈ ಬಳಿಯ ಕಿಹೀಮ್‌ನಲ್ಲಿ ಕೂತು ಪಕ್ಷಿತಜ್ಞ ಸಲೀಂ ಅಲಿ ಕಂಡು ಬರೆದ ಸಂಗತಿಯಿದು. ಗಂಡಿನ ಪಾತ್ರ ನನಗೆ, ಹೆಣ್ಣಿನದು ಅವಳಿಗೆ. ಅಜ್ಜಿ ಸ್ಟೀಲ್ ಲೋಟ ಬಡಿದು ಚಂಡೆಯ ಕೊರತೆ ತುಂಬಿದರು. ಮೊದಲು ಬಾಯಲ್ಲಿ ವಾದ, ಆಮೇಲೆ ಬರಹ. ಅವಳ ಹಾಳೆಯಿಂದ:

"ಗೂಡು ಕಟ್ಟಿದ್ದೀಯೆ, ಸರಿ. ಗಾಳಿ ಬಂದಾಗ ಇದು ಯಾವ ಕಡೆಗೆ ವಾಲುತ್ತದೆ ಎಂದು ಒಳಗೆ ಕೂತು ನೋಡಿದ್ದೀಯಾ? ನೀನು ಸೀಳಿದ ಹುಲ್ಲಿನ ಲೆಕ್ಕ ಹೇಳುತ್ತೀಯೆ, ನಾನು ಇಡಬೇಕಾದ ಮೊಟ್ಟೆಯ ಲೆಕ್ಕ ಹೇಳುತ್ತೇನೆ. ಹುಲ್ಲು ಗದ್ದೆ ತುಂಬ ಇದೆ."

ಕೊನೆಯ ವಾಕ್ಯಕ್ಕೆ ಅಜ್ಜಿಯ ಲೋಟ ನಿಂತೇ ಹೋಯಿತು. ಪ್ರಕೃತಿಮಾತೆ ಎಲ್ಲೂ ಇಲ್ಲ. ಗಾಳಿಗೆ ವಾಲುವ ಮಾತು ನನ್ನ ಪ್ಯಾರಾದಲ್ಲೂ ಇರಲಿಲ್ಲ, ಅದು ಈಚಲು ಮರದ ಕೆಳಗೆ ನಿಂತು ಅವಳು ನೋಡಿದ್ದು. ಆದರೆ ನನಗೆ ಬೇಕಿದ್ದದ್ದು ಸಂವಾದವಲ್ಲ, ವಿವರಣೆಯ ಗದ್ಯ. ಅದಕ್ಕಾಗಿ ಎರಡು ದಿನ ಬಿಟ್ಟು ಅದೇ ಚೀಟಿಗಳನ್ನು ಕೊಟ್ಟು, ಈ ಬಾರಿ ಪಾತ್ರವಿಲ್ಲ, ಗೀಜಗವನ್ನು ನೋಡದ ನಿನ್ನ ಬೆಂಗಳೂರಿನ ತಮ್ಮನಿಗೆ ತಿಳಿಯುವಂತೆ ಬರೆ ಎಂದೆ. ಬಂದದ್ದು ಇದು:

"ಗಂಡು ಗೀಜಗ ಗೂಡನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತದೆ. ಹೆಣ್ಣು ಬಂದು ಜಗ್ಗಿ ನೋಡಬೇಕು. ಒಪ್ಪಿದರೆ ಕೊಳವೆ, ಇಲ್ಲದಿದ್ದರೆ ಇಲ್ಲ. ನಮ್ಮ ಈಚಲು ಮರದಲ್ಲಿ ನೇತಾಡುವ ಅರ್ಧಗೂಡುಗಳೆಲ್ಲ ಗಾಳಿಗೆ ಹರಿದವಲ್ಲ. ಎಷ್ಟೋ ಗೂಡುಗಳಿಗೆ ಒಪ್ಪಿಗೆ ಸಿಕ್ಕಿಲ್ಲ."

ಕೊನೆಯ ಪದಗಳನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ! ಈ ಗದ್ಯಕ್ಕೆ ನಾನು ಕೆಂಪು ಪೆನ್ನು ಮುಟ್ಟಿಸಿಲ್ಲ. ಹಾಗಾಗಿ ಇನ್ನು ನಮ್ಮ ವಾರದ ಕ್ರಮ ಇಷ್ಟೇ: ಬೀಜಪದ, ಕುಲುಕು, ಅರ್ಥ, ಎರಡು ದಿನದ ಬಿಡುವು, ವಿವರಣೆ. ವಾರಕ್ಕೊಂದೇ ಪ್ಯಾರಾ. ಹೆಚ್ಚು ಬರೆಯಬಲ್ಲ ಮಗುವಿಗೆ ಕಡಿಮೆ ಬರೆಸುತ್ತಿದ್ದೀರಿ ಎಂದು ಯಾರಾದರೂ ಹೇಳಿದರೆ ಹೌದು ಎನ್ನುತ್ತೇನೆ. ಉಳಿದ ಹೊತ್ತಿನಲ್ಲಿ ಅವಳು ತನ್ನ ಕತೆಗಳನ್ನು ತನಗೆ ಬೇಕಾದಷ್ಟು ಬರೆದುಕೊಳ್ಳುತ್ತಾಳೆ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮುಂದಿನ ಸರದಿ ಗಾದೆ ವಿಸ್ತರಣೆ. ಪರೀಕ್ಷೆಯಲ್ಲಿ "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಶುರುವಾಗಿ ಅಲ್ಲೇ ಸುತ್ತುವ ಆ ಅಭ್ಯಾಸ ನಮ್ಮಲ್ಲಿ ತಲೆಕೆಳಗಾಗಿ ನಡೆಯಲಿದೆ. ನಾಲ್ಕನೇ ಶತಮಾನದ ಗ್ರೀಕ್ ಗುರು ಆಫ್ತೋನಿಯಸ್‌ನ 14 ಅಭ್ಯಾಸಗಳಲ್ಲಿ ನಾಣ್ಣುಡಿಯನ್ನು ಬೆಳೆಸುವುದೂ ಇದೆ, ಹೇಳಿದ್ದನ್ನು ಖಂಡಿಸುವುದೂ ಇದೆ. ನಮ್ಮ ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಉಳಿಸಿಕೊಟ್ಟಿದ್ದೇವೆ. ಹಾಗಾಗಿ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬುದನ್ನು ಖಂಡಿಸಲು ಕೊಟ್ಟಿದ್ದೇನೆ. ಅವಳು ಆಗಲೇ ತೋಟದ ಮುದಿ ಮಾವಿನ ಮರಕ್ಕೆ ಅಪ್ಪೆಮಿಡಿಯ ಕಸಿ ಕಟ್ಟಿದ ಅಜ್ಜನ ಬೆನ್ನು ಹತ್ತಿದ್ದಾಳೆ. ಕಡಿದ ರೆಂಬೆ ಯಾವುದು, ಚಿಗುರಿದ್ದು ಯಾವಾಗ, ಮೊದಲ ಮಿಡಿ ಯಾವ ವರ್ಷ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದಾಳೆ, ಪ್ರತ್ಯಯಗಳನ್ನು ಬಿಟ್ಟು.