ನಾಲ್ಕೂವರೆ

ಏಪ್ರಿಲ್ 25, 2025, ಶುಕ್ರವಾರ
ಸಿನ್ಸಿನಾಟಿ

ನಿನ್ನೆ ರಾತ್ರಿಯಿಂದ ಪುಟ್ಟ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು ಅಮ್ಮನಿಗೆ ಮಾತ್ರ ಹೋಗಿಬರುತ್ತೇನೆ ಎಂದ. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. "ಯಾವನೋ ಹುಡುಗನ ಆಟಕ್ಕಾಗಿ ಅಪ್ಪ ಮಗ ಮುನಿಸಿಕೊಂಡಿದ್ದೀರಲ್ಲ" ಎಂದು ಇವಳು ನಕ್ಕಳು. ಆಟಕ್ಕಾಗಿ ಅಲ್ಲ ಎನ್ನಲು ಹೋದೆ, ಅಷ್ಟರಲ್ಲಿ ಸೀನು ಬಂತು. ಈ ಊರಿನ ಏಪ್ರಿಲ್ ತಿಂಗಳ ಪರಾಗ ಯಾವ ವಾದವನ್ನೂ ಪೂರ್ತಿ ಮಾಡಲು ಬಿಡುವುದಿಲ್ಲ.

ನಿನ್ನೆ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟಿನ ಮೊದಲ ರಾತ್ರಿ. ಈ ಸಲ ನಡೆದದ್ದು ಗ್ರೀನ್ ಬೇಯಲ್ಲಿ. ಊರಿನಿಂದ ಓದುವವರಿಗೆ ಹೇಳುವುದಾದರೆ ಇದು ಐಪಿಎಲ್ ಹರಾಜಿನ ದಾಯಾದಿ, ಆದರೆ ಸವಾಲು ಕೂಗುವುದಿಲ್ಲ. ಕಾಲೇಜು ತಂಡಗಳಲ್ಲಿ ಆಡಿ ಬಂದ ಹುಡುಗರನ್ನು 32 ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರದು ಮೊದಲ ಸರದಿ. ತನಗೆ ಯಾವ ತಂಡ ಬೇಕು ಎಂದು ಹುಡುಗನನ್ನು ಯಾರೂ ಕೇಳುವುದಿಲ್ಲ. ನಮ್ಮ ಸಿನ್ಸಿನಾಟಿಯ ತಂಡ ಬೆಂಗಾಲ್ಸ್, ಅವರ ಸರದಿ 17ನೆಯದು.

ಕಳೆದ ವರ್ಷ ನಮ್ಮವರ ಪಾಡು ಏನಾಯಿತೆಂದು ಇಲ್ಲಿ ಎಷ್ಟು ಸಲ ಗೋಳಾಡಿದ್ದೇನೋ. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಜೋ ಬರೋ 43 ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ) ಎಸೆದ, ಇಡೀ ಲೀಗಿನಲ್ಲೇ ಹೆಚ್ಚು. ಆದರೂ 9 ಗೆಲುವು, 8 ಸೋಲು, ಪ್ಲೇಆಫ್ ಇಲ್ಲ. ಅವನು ಮುಂಬಾಗಿಲಿನಿಂದ ತಂದು ತುಂಬಿದ್ದನ್ನೆಲ್ಲ ರಕ್ಷಣಾ ಪಡೆ ಹಿತ್ತಿಲಿನಲ್ಲಿ ಚೆಲ್ಲಿತು. ಎದುರಾಳಿಯ ಕ್ವಾರ್ಟರ್‌ಬ್ಯಾಕನ್ನು ಬೆನ್ನಟ್ಟಿ ಕೆಡವಿದವನೆಂದರೆ ಟ್ರೇ ಹೆಂಡ್ರಿಕ್ಸನ್ ಒಬ್ಬನೇ, 17.5 ಸ್ಯಾಕ್. ಹಾಗೆ ಕೆಡವುವುದಕ್ಕೇ ಸ್ಯಾಕ್ ಎನ್ನುವುದು, ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಅವನ ಆ ಲೆಕ್ಕವೂ ಲೀಗಿಗೇ ಮೊದಲು. ಅವನು ಈಗ ಸಂಬಳದ ವಿಷಯದಲ್ಲಿ ಮುನಿಸಿಕೊಂಡು ಬೇರೆ ತಂಡ ಹುಡುಕಿಕೊಳ್ಳಲು ಅನುಮತಿ ಕೇಳಿದ್ದಾನೆ. ಅದೇ ಕೆಲಸದ ಸ್ಯಾಮ್ ಹಬ್ಬರ್ಡ್ ಮಾರ್ಚಿನಲ್ಲಿ ನಿವೃತ್ತನಾದ. ಹಾಗಾಗಿ ಒಬ್ಬ ಪಾಸ್ ರಶರ್, ಅಂದರೆ ಹೀಗೆ ಬೆನ್ನಟ್ಟುವವನು, ಬೇಕೇ ಬೇಕು ಎಂಬುದರಲ್ಲಿ ನನಗೂ ಪುಟ್ಟನಿಗೂ ತಕರಾರು ಇರಲಿಲ್ಲ.

ಪುಟ್ಟ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನು ಬಾಸ್ಟನ್ ಕಾಲೇಜಿನ ಡೊನೊವನ್ ಎಜೆರಾಕು. ಕಳೆದ ಋತುವೊಂದರಲ್ಲೇ 16.5 ಸ್ಯಾಕ್. ತಂಡ ಆರಿಸಿದ್ದು ಟೆಕ್ಸಸ್ ಎ ಆಂಡ್ ಎಂ ಹುಡುಗ ಶೆಮಾರ್ ಸ್ಟೂವರ್ಟ್‌ನನ್ನು. ಮೂರು ಋತು ಸೇರಿಸಿ ಅವನದು 4.5. ಒಂದೊಂದು ಋತುವಿಗೂ ಒಂದೂವರೆ, ಅಂಗಡಿಯಲ್ಲಿ ತೂಗಿ ಕೊಟ್ಟ ಹಾಗೆ.

"ನಾಲ್ಕೂವರೆ!" ಎಂದು ಪುಟ್ಟ ಸೋಫಾದ ದಿಂಬನ್ನು ನೆಲಕ್ಕೆ ಬಡಿದ.

ನಾನು ಸ್ಟೂವರ್ಟ್ ಪರ ವಹಿಸಿದೆ. ಅರ್ಧ ನಂಬಿಕೆಯಿಂದ, ಅರ್ಧ ಅವನನ್ನು ಕೆಣಕಲು. ಹುಡುಗನ ಎತ್ತರ ಆರು ಅಡಿ ಐದು ಅಂಗುಲ, ತೂಕ 267 ಪೌಂಡ್, ನಮ್ಮ ಲೆಕ್ಕದಲ್ಲಿ 121 ಕಿಲೊ. ಅಷ್ಟು ಮೈ ಹೊತ್ತುಕೊಂಡು ಡ್ರಾಫ್ಟಿಗೆ ಮೊದಲು ಹುಡುಗರ ಮೈ ಅಳೆದು ಓಡಿಸಿ ನೋಡುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ 40 ಗಜವನ್ನು 4.59 ಸೆಕೆಂಡಿನಲ್ಲಿ ಓಡಿದ್ದಾನೆ. ನಿಂತಲ್ಲಿಂದಲೇ 40 ಅಂಗುಲ ಮೇಲಕ್ಕೆ ನೆಗೆದಿದ್ದಾನೆ. ನಮ್ಮ ಮನೆಯ ಊಟದ ಮೇಜಿಗಿಂತ ಹತ್ತು ಅಂಗುಲ ಎತ್ತರ. ನಾನು ಎದ್ದು ಟೇಪು ಹಿಡಿದು ನೋಡಿಬಂದೆ.

"ಡೇನಿಯಲ್ ಹಂಟರ್‌ನ ಲೆಕ್ಕ ತೆಗೆ" ಎಂದೆ. ಹಂಟರ್ ಕೂಡ ಲೂಸಿಯಾನಾ ಸ್ಟೇಟ್‌ನಲ್ಲಿ ಮೂರು ಋತು ಆಡಿ ಗಳಿಸಿದ್ದು ಇದೇ 4.5. 2015ರಲ್ಲಿ 88ನೆಯವನಾಗಿ ಆಯ್ಕೆಯಾದ. ಈಗ ಅವನ ಖಾತೆ ನೂರರ ಹೊಸ್ತಿಲಲ್ಲಿದೆ.

"ಮೈಲ್ಸ್ ಮರ್ಫಿ" ಎಂದ ಪುಟ್ಟ. ಅಷ್ಟೇ. ಮುಂದೆ ಹೇಳಬೇಕಾಗಿಯೂ ಇರಲಿಲ್ಲ. ಮರ್ಫಿಯನ್ನು ನಮ್ಮವರೇ 2023ರಲ್ಲಿ ಮೊದಲ ಸುತ್ತಿನಲ್ಲಿ, ಇಂಥದೇ ಮೈಕಟ್ಟು ನೋಡಿ ತಂದದ್ದು. ಕಳೆದ ಋತುವಿನಲ್ಲಿ ಅವನದು ಸೊನ್ನೆ. ಹೆಂಡ್ರಿಕ್ಸನ್ ಆದರೋ ಮೂರನೆಯ ಸುತ್ತಿನಲ್ಲಿ 103ನೆಯವನಾಗಿ ಬೇರೆ ತಂಡಕ್ಕೆ ಹೋಗಿ, ಅಲ್ಲಿ ಕುದುರಿ, ಆಮೇಲೆ ನಮ್ಮಲ್ಲಿಗೆ ಬಂದವನು. ಈ ವಾದದಲ್ಲಿ ಇಬ್ಬರಿಗೂ ಬೇಕಾದಷ್ಟು ಸಾಕ್ಷಿಗಳಿದ್ದಾರೆ, ಅದೇ ತೊಂದರೆ.

ಪುಟ್ಟ ಲ್ಯಾಪ್‌ಟಾಪ್ ತಂದು ಸ್ಟೂವರ್ಟ್ ಆಡಿದ ಒಂದು ತುಣುಕು ಹಾಕಿದ. ಆರು ಸೆಕೆಂಡಿನದು. ಅದನ್ನೇ ಹತ್ತು ಸಲ ನೋಡಿರಬೇಕು. ಚೆಂಡು ಅಲುಗಿದ ಕ್ಷಣವೇ ಸ್ಟೂವರ್ಟ್ ಎದ್ದಿರುತ್ತಾನೆ. ಅವನನ್ನು ತಡೆಯಲು ಎದುರು ನಿಂತ ಟ್ಯಾಕಲ್, ಇವನಿಗಿಂತಲೂ ದಪ್ಪದ ಆಳು, ಇನ್ನೂ ಎರಡನೆಯ ಹೆಜ್ಜೆ ಊರಿರುವುದಿಲ್ಲ. ಸ್ಟೂವರ್ಟ್‌ನ ಅಂಗೈ ಅವನ ಎದೆಗೆ ಬಿದ್ದು, ಆ ಬೆಟ್ಟದಂಥ ಮನುಷ್ಯನ ಹಿಮ್ಮಡಿ ನೆಲ ಬಿಡುತ್ತದೆ. ಕ್ವಾರ್ಟರ್‌ಬ್ಯಾಕಿಗೆ ಚೆಂಡು ಎಸೆಯಲು ಸಿಗುವುದು ಹೆಚ್ಚೆಂದರೆ ಎರಡೂವರೆ, ಮೂರು ಸೆಕೆಂಡು. ಅದರೊಳಗೇ ಇವನು ತಲುಪಿದ್ದಾನೆ. ಕ್ವಾರ್ಟರ್‌ಬ್ಯಾಕ್ ಅರ್ಧ ಹೆಜ್ಜೆ ಮುಂದೆ ಸರಿಯುತ್ತಾನೆ, ಅರ್ಧವೇ. ಸ್ಟೂವರ್ಟ್‌ನ ತೋಳು ಗಾಳಿಯನ್ನು ತಬ್ಬಿಕೊಳ್ಳುತ್ತದೆ. ಬೆರಳಿನ ತುದಿಗೆ ಅಂಗಿಯ ಅಂಚು ಸಿಕ್ಕಿ, ಜಾರಿ, ಅವನು ಬೋರಲು ಬೀಳುತ್ತಾನೆ. ಚೆಂಡು ಹೋಗಿಯಾಗಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನೂ ಇಲ್ಲ.

"ತಲುಪಿದನಲ್ಲ" ಎಂದೆ ನಾನು. "ಹಿಡಿಯಲಿಲ್ಲವಲ್ಲ" ಎಂದ ಪುಟ್ಟ.

ನನಗೆ ಅನ್ನಿಸುವುದನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರಾದರೂ ಹಂಗಿಸಲಿ. ಅಷ್ಟು ವೇಗವಾಗಿ ಅಷ್ಟು ಭಾರವನ್ನು ಒಯ್ಯುವುದನ್ನು ಯಾವ ತರಬೇತುದಾರನೂ ಕಲಿಸಲಾರ. ಅದು ಇದ್ದರೆ ಇದೆ. ಮೈ ತಗ್ಗಿಸಿ ಮೂಲೆ ತಿರುಗುವುದು, ಕೈ ಬಿಡಿಸಿಕೊಳ್ಳುವುದು, ಒಂದು ಪಟ್ಟು ಕೈಕೊಟ್ಟಾಗ ಇನ್ನೊಂದಕ್ಕೆ ಹೋಗುವುದು, ಇವನ್ನು ಕಲಿಸಬಹುದು. ಕಾಲೇಜಿನಲ್ಲಿ ಅವನನ್ನು ಒಳಗೂ ಹೊರಗೂ ನಿಲ್ಲಿಸಿ ಆಡಿಸಿದ್ದಾರೆ, ಚೆಂಡು ಹೊತ್ತು ಓಡುವವನಿಗೆ ದಾರಿ ಕಟ್ಟುವ ಕೆಲಸವನ್ನೂ ಕೊಟ್ಟಿದ್ದಾರೆ. ಆ ಕೆಲಸಕ್ಕೆ ಅಂಕ ಯಾರೂ ಇಡುವುದಿಲ್ಲ. ಇಷ್ಟೆಲ್ಲ ಸರಿ. ಆದರೆ ಕೊನೆಯ ಆ ಅರ್ಧ ಹೆಜ್ಜೆ? ಅದು ಕಲಿಕೆಯೋ ಹುಟ್ಟುಗುಣವೋ ನನಗೆ ತಿಳಿಯದು. ಮೇಲಾಗಿ ಬರೋನಂಥವನು ತಾರುಣ್ಯದಲ್ಲಿರುವ ತಂಡಕ್ಕೆ ಬೇಕಾದದ್ದು ಈ ವರ್ಷದ ಫಸಲು, ಮೂರು ವರ್ಷಕ್ಕೆ ಕಾಯಿ ಬಿಡುವ ಗಿಡವಲ್ಲ. ಕೆಣಕಲು ಪರ ವಹಿಸಿದೆನೇ ಹೊರತು ಒಳಗೊಳಗೆ ಪುಟ್ಟನ ಕಡೆಗೇ ಇದ್ದೆ ಅನ್ನಿಸುತ್ತದೆ.

ಅಷ್ಟರಲ್ಲಿ ಊರಿನಿಂದ ಅಣ್ಣನ ವಿಡಿಯೊ ಕರೆ ಬಂತು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು. ಅಲ್ಲಿ ಬೆಳಿಗ್ಗೆ. ಮೊಮ್ಮಗನ ಮುಖ ನೋಡದೆ ಅವರಿಗೆ ಕಾಫಿ ಇಳಿಯುವುದಿಲ್ಲ. ಇನ್ನೂ ಮಲಗಿಲ್ಲವೇ ಎಂದು ಬೈದರು. ಏನು ನೋಡುತ್ತಿದ್ದೀರಿ ಎಂದು ಕೇಳಿದರು. ನಾನು ಮೊಬೈಲನ್ನು ಟಿವಿಯ ಕಡೆಗೆ ತಿರುಗಿಸಿದೆ. ಪರದೆಯ ಮೇಲೆ ಸ್ಟೂವರ್ಟ್, ಕಪ್ಪು ಹುಡುಗ, ಪಕ್ಕದಲ್ಲಿ ಎತ್ತರ, ತೂಕ, ಓಟದ ಪಟ್ಟಿ.

ಆಗ ನಾನು ಅಂದದ್ದು ಇಷ್ಟು: "ನೋಡಿ ಅಣ್ಣ, ಘಾಟಿ ಜಾತ್ರೆಯಲ್ಲಿ ನೀವು ಹೋರಿ ಆರಿಸುತ್ತಿದ್ದಿರಲ್ಲ, ಹಾಗೆಯೇ. ಬಾಯಿ ಬಿಡಿಸಿ ಹಲ್ಲು ಎಣಿಸುವುದೊಂದು ಬಾಕಿ."

ಅಣ್ಣ ಗಟ್ಟಿಯಾಗಿ ನಕ್ಕರು. ಅವರಿಗೆ ಅಷ್ಟು ಸಾಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಹಳ್ಳಿಕಾರ್ ಹೋರಿಗಳ ಸಾಲು, ದಳ್ಳಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಎಲ್ಲ ಬಂತು. ಒಂದು ಸಲ ಬೂದಿ ಬಣ್ಣದ ಜೋಡಿ ತಂದಿದ್ದರಂತೆ. ಕೊಂಬು ಹಿಂದಕ್ಕೆ ಬಾಗಿ ಕತ್ತಿಯ ಹಾಗೆ, ಸುಳಿಯಲ್ಲಿ ದೋಷವಿಲ್ಲ, ಇನ್ನೂ ಎರಡೇ ಹಲ್ಲು. ಊರೆಲ್ಲ ಬಂದು ನೋಡಿ ಹೊಗಳಿ ಹೋಯಿತು. "ನೊಗ ಇಟ್ಟರೆ ಬಲಗಡೆಯದು ಮಲಗಿಬಿಡುತ್ತಿತ್ತು ಕಣಪ್ಪ. ಮೈಗಳ್ಳ! ಲಕ್ಷಣ ನೋಡಿ ಮೋಸಹೋದೆ" ಎಂದರು. ಆಮೇಲೆ, "ಈ ಹುಡುಗನಿಗೆ ಎಷ್ಟು ವಯಸ್ಸು?" ಎಂದು ಕೇಳಿದರು. ಇಪ್ಪತ್ತೊಂದು ಎಂದೆ. "ಹಾಗಾದರೆ ಇನ್ನೂ ಎಳೆಯದು. ಪಳಗುತ್ತದೆ" ಎಂದರು.

ಎಳೆಯ*ದು*. ಪಳಗು*ತ್ತದೆ*.

ಕರೆ ಮುಗಿಯುವವರೆಗೂ ಪುಟ್ಟ ಸುಮ್ಮನೆ ಕುಳಿತಿದ್ದ. ತಾತನಿಗೆ ಕೈ ಬೀಸಿದ. ಆಮೇಲೆ ಲ್ಯಾಪ್‌ಟಾಪ್ ಮುಚ್ಚುತ್ತ ಕೇಳಿದ: "ಅಪ್ಪ, ನೀನು ಈಗ ಹೇಳಿದ್ದನ್ನು ಈ ಊರಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತೀಯಾ? ಆಫೀಸಿನಲ್ಲಿ? ಸ್ಟೇಡಿಯಮ್ಮಿನಲ್ಲಿ ಪಕ್ಕದ ಕುರ್ಚಿಯವರಿಗೆ?" ಉತ್ತರಕ್ಕೆ ಕಾಯದೆ ಕೆಳಗಿನ ಕೋಣೆಗೆ ಇಳಿದುಹೋದ.

ಮೊದಲು ನನಗೆ ಸಿಟ್ಟೇ ಬಂದದ್ದು. ನಮ್ಮ ಮನೆಯಲ್ಲಿ ಎತ್ತಿಗೆ ಹೋಲಿಸಿದರೆ ಬೈಗುಳವಲ್ಲ, ಕೋಣಕ್ಕೆ ಹೋಲಿಸಿದರೆ ಬೈಗುಳ. ಸಂಕ್ರಾಂತಿಯ ದಿನ ಅಣ್ಣ ಮಕ್ಕಳಿಗಿಂತ ಮೊದಲು ಎತ್ತುಗಳ ಮೈ ತೊಳೆಯುತ್ತಿದ್ದರು. ಇದೆಲ್ಲ ಇವನಿಗೆ ಹೇಗೆ ಗೊತ್ತಾಗಬೇಕು ಎಂದು ಅಡುಗೆಮನೆಯಲ್ಲಿ ಇವಳ ಮುಂದೆ ಕೂಗಾಡಿದೆ. ಇವಳು ಹುಳಿಯ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡುತ್ತ, "ಹೋದ ವರ್ಷ ಭಾವನವರು ಬಂದಾಗ ನದೀತೀರದ ಮ್ಯೂಸಿಯಮ್ಮಿಗೆ ಹೋಗಿದ್ದೆವಲ್ಲ, ನೆನಪಿದೆಯೇ?" ಎಂದಳು.

ನೆನಪಿದೆ. ನಮ್ಮ ಫುಟ್‌ಬಾಲ್ ಸ್ಟೇಡಿಯಮ್ಮಿಗೂ ಬೇಸ್‌ಬಾಲ್ ಮೈದಾನಕ್ಕೂ ನಡುವೆಯೇ ಆ ಮ್ಯೂಸಿಯಮ್, ಗುಲಾಮಗಿರಿಯ ಕತೆ ಹೇಳುವ ಅಂಡರ್‌ಗ್ರೌಂಡ್ ರೈಲ್‌ರೋಡ್ ಫ್ರೀಡಮ್ ಸೆಂಟರ್ ಇದೆ. ಎದುರಿಗೆ ಒಹಾಯೊ ನದಿ. ಆಚೆಯ ದಡದ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಈಚೆಯ ದಡದಲ್ಲಿ ಇರಲಿಲ್ಲ. ಒಳಗೆ ಮರದ ದಿಮ್ಮಿಗಳ ಎರಡಂತಸ್ತಿನ ಒಂದು ಕಟ್ಟಡವನ್ನು ಕೆಂಟಕಿಯ ಹೊಲವೊಂದರಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ದೂರದಿಂದ ನೋಡಿ ನಾನು ಕಣಜವೋ ಕೊಟ್ಟಿಗೆಯೋ ಎಂದುಕೊಂಡಿದ್ದೆ. ಮಾರಾಟಕ್ಕೆ ಒಯ್ಯುವ ಮೊದಲು ಮನುಷ್ಯರನ್ನು ಕೂಡಿಡುತ್ತಿದ್ದ ಜಾಗ ಅದು. ಮೇಲಿನ ಅಟ್ಟದ ತೊಲೆಯಲ್ಲಿ ಸರಪಳಿ ಪೋಣಿಸುತ್ತಿದ್ದ ಕಬ್ಬಿಣದ ಬಳೆಗಳು ಇನ್ನೂ ಇವೆ. ಅಲ್ಲಿಂದ ಅವರನ್ನು ಮಿಸಿಸಿಪ್ಪಿಯ ನ್ಯಾಚೆಜ್ ಸಂತೆಗೆ ಕಳುಹಿಸುತ್ತಿದ್ದರು. ಅಂಥ ಸಂತೆಗಳಲ್ಲಿ ಕೊಳ್ಳುವವರು ತೋಳು ಹಿಚುಕಿ, ನಡೆಸಿ, ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು.

ರಾತ್ರಿ ನಿದ್ದೆ ಹತ್ತಲಿಲ್ಲ.

ಆದರೂ ಒಂದು ಮಾತು ಉಳಿದೇ ಇದೆ. ತೋಳಿನ ಉದ್ದ ಎಷ್ಟು ಅಂಗುಲ, ಅಂಗೈ ಅಗಲ ಎಷ್ಟು ಎಂದು ತಿಂಗಳಿನಿಂದ ಬಾಯಿಪಾಠ ಒಪ್ಪಿಸುತ್ತಿದ್ದವನು ಪುಟ್ಟನೇ ಅಲ್ಲವೇ? ಚಡ್ಡಿ ಹಾಕಿಸಿ ತಕ್ಕಡಿ ಹತ್ತಿಸಿ ಅಳತೆ ಬರೆದುಕೊಳ್ಳುವ ಕಂಬೈನ್ ಏನು ನಾನು ಮಾಡಿದ್ದೇ? ಹೋಲಿಕೆ ನನ್ನ ಬಾಯಲ್ಲಿ ಬಂದಿತೋ, ಮೊದಲಿನಿಂದಲೂ ಅಲ್ಲೇ ಇತ್ತೋ? ಹಾಗೆಂದು ವಾದಿಸಬಹುದು. ಆ ಹುಡುಗನಿಗೆ ನಾಲ್ಕು ವರ್ಷಕ್ಕೆ ಸುಮಾರು 1.9 ಕೋಟಿ ಡಾಲರ್ ಸಿಗುತ್ತದೆ ಎಂದೂ ವಾದಿಸಬಹುದು. ಎರಡನ್ನೂ ಬಚ್ಚಲಲ್ಲಿ ನಿಂತು ಗೋಡೆಗೆ ಹೇಳಿ ನೋಡಿದೆ. ಚೆನ್ನಾಗಿ ಕೇಳಿಸಲಿಲ್ಲ.

ಆಫೀಸಿನಲ್ಲಿ ಇವತ್ತು ಏನು ಮಾಡಿದೆನೋ. ಹುಲ್ಲು ಕತ್ತರಿಸುವ ಯಂತ್ರ ಮತ್ತೆ ಕೆಟ್ಟಿದೆ.

ಈಗ ಎರಡನೆಯ ಸುತ್ತು ನಡೆಯುತ್ತಿದೆ. ಎಜೆರಾಕುವನ್ನು ನಿನ್ನೆ ಯಾರೂ ಎತ್ತಿಕೊಂಡಿರಲಿಲ್ಲ. ನಮ್ಮ ಸರದಿ 49ನೆಯದು. ಅಲ್ಲಿಯವರೆಗೆ ಉಳಿದರೆ ಎಂಬ ಆಸೆ ಕೆಳಗಿನ ಕೋಣೆಯಲ್ಲಿ ಕುಳಿತಿದೆ. ಎಂಟು ಗಂಟೆಗೆ ಮೊಸರನ್ನದ ತಟ್ಟೆ ಹಿಡಿದು ಇಳಿದೆ. ನನ್ನ ಮುಖ ನೋಡದೆಯೇ ತಟ್ಟೆ ತೆಗೆದುಕೊಂಡ. ಉಪ್ಪಿನಕಾಯಿ ಇಲ್ಲವೇ ಎಂದ. ತಂದುಕೊಟ್ಟೆ. ಸೋಫಾದ ಮೇಲೆ ಚಾಚಿದ್ದ ಕಾಲನ್ನು ಸ್ವಲ್ಪ ಮಡಚಿಕೊಂಡ. ಕುಳಿತುಕೋ ಎಂದು ಅದರ ಅರ್ಥವೋ ಅಥವಾ ಕಾಲು ನೋಯುತ್ತಿತ್ತೋ ತಿಳಿಯದೆ ಮೇಲೆ ಬಂದು ಇದನ್ನು ಬರೆಯಲು ಕುಳಿತೆ.

ಅವನಿಗೆ ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದೇನೆ. ಅಣ್ಣನದು ತಪ್ಪಲ್ಲ ಎಂಬಲ್ಲಿಂದ ಶುರುಮಾಡಲೇ? ಅಣ್ಣನಿಗೆ ಆ ಮಾತು ತೆಗೆದುಕೊಟ್ಟವನು ನಾನು. ಅಲ್ಲಿಂದಲೇ ಶುರುಮಾಡಬೇಕು. ಆಮೇಲೆ

ಕೆಳಗಿನಿಂದ ದಿಂಬು ನೆಲಕ್ಕೆ ಬಿದ್ದ ಸದ್ದು. ಮೊಬೈಲ್ ನೋಡಿದರೆ ಡಲ್ಲಾಸ್‌ನವರು 44ನೆಯ ಸರದಿಯಲ್ಲಿ ಎಜೆರಾಕುವನ್ನು ಒಯ್ದಿದ್ದಾರೆ. ಇನ್ನು ಐದೇ ಸರದಿ ಉಳಿದಿತ್ತು. ಇಳಿದು ಹೋಗುತ್ತೇನೆ. ಉಳಿದದ್ದನ್ನು