ಲೀಲ್ ಸುರ್ ಲಾ ಸೋರ್ಗ್‌ಗೆ ಹೋಗುವವರೇ, ಬಸ್ ವೇಳಾಪಟ್ಟಿಯ ಸಣ್ಣಕ್ಷರ ಓದಿ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕಡೆ ಒಂದು ದಿನ ಹಳ್ಳಿ ಸುತ್ತಿ, ಆರಾಮಾಗಿ ಊಟ ಮಾಡಿ ಬರೋಣ ಅಂತ ಲೆಕ್ಕ ಹಾಕುತ್ತಿದ್ದೀರಾ? ಕಾರಿಲ್ಲದೆ ಹೋಗುವವರಾದರೆ ಇದನ್ನು ಓದಿಕೊಂಡು ಹೊರಡಿ. ಜುಲೈ ತಿಂಗಳ ಒಂದು ಗುರುವಾರ ನಾನೂ ಅಮ್ಮನೂ ಹೋಗಿದ್ದೆವು. ಅಮ್ಮನಿಗೆ 66 ವರ್ಷ, ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟುವವರಲ್ಲ.

ಲೀಲ್ ಸುರ್ ಲಾ ಸೋರ್ಗ್, ಚಿಕ್ಕದಾಗಿ ಲೀಲ್, ಹತ್ತಿರದ ಅವಿನ್ಯೋಂ ನಗರದ ಊರೊಳಗಿನ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇಳಿಯುವ ಸ್ಟೇಷನ್ನಿನ ಬೋರ್ಡಿನಲ್ಲಿ ‘ಲೀಲ್ - ಫೋಂತೆನ್ ದ ವೋಕ್ಲೂಸ್’ ಅಂತ ಎರಡೂ ಊರಿನ ಹೆಸರಿದೆ. ಇಳಿದರೆ ಎರಡೂ ಅಲ್ಲೇ ಸಿಗುತ್ತವೆ ಅಂದುಕೊಂಡಿದ್ದೆ. ಲೀಲ್ ಏನೋ ನಡೆದು ಹೋಗುವಷ್ಟು ಹತ್ತಿರ, ಫೋಂತೆನ್ ಮಾತ್ರ ಏಳು ಕಿಲೋಮೀಟರ್ ದೂರ, ಬಸ್ಸೇ ಗತಿ. ಬೆಳಗಿನ ಬಸ್ಸು ಹೇಳಿದ ಸಮಯಕ್ಕೆ ಬಂತು, ಅದಕ್ಕೇ ವಾಪಸ್ ಬಸ್ಸಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಫೋಂತೆನ್‌ನಲ್ಲಿ ನೋಡಬೇಕಾದ್ದು ಸೋರ್ಗ್ ನದಿಯ ಮೂಲ. ಫ್ರಾನ್ಸಿನಲ್ಲೇ ಅತಿ ದೊಡ್ಡ ನೀರಿನ ಬುಗ್ಗೆ ಇದು. ಇನ್ನೂರು ಮೀಟರಿಗೂ ಎತ್ತರದ ಸುಣ್ಣಕಲ್ಲಿನ ಗೋಡೆ, ಅದರ ಬುಡದಲ್ಲಿ ಗುಹೆ, ಗುಹೆಯೊಳಗೆ ನೀರು. 1946ರಲ್ಲಿ ಫ್ರಾನ್ಸಿನ ಹೆಸರಾಂತ ಸಮುದ್ರಶೋಧಕ ಕೂಸ್ಟೊ ಇದರೊಳಗೆ ಮುಳುಗಿ ನೋಡಿದ್ದ. ತಳ ಮುಟ್ಟಿದ್ದು ಮನುಷ್ಯನಲ್ಲ, ಯಂತ್ರ. 1985ರಲ್ಲಿ, 308 ಮೀಟರ್ ಆಳದಲ್ಲಿ. ಆದರೆ ನೀರು ಉಕ್ಕುವುದನ್ನು ನೋಡಬೇಕೆಂದರೆ ವಸಂತದಲ್ಲಿ ಅಥವಾ ಜೋರು ಮಳೆಯಾದ ಮೇಲೆ ಹೋಗಿ. ನಾವು ಹೋದಾಗ ನೀರು ತುಂಬ ಕೆಳಗಿಳಿದು, ಅಲ್ಲಾಡದ ಕೊಳದ ಹಾಗಿತ್ತು, ಬೇಲಿಯ ಆಚೆಯಿಂದಲೇ ನೋಡಬೇಕಾಯಿತು. ಊರಿಂದ ಅಲ್ಲಿಗೆ ಕಾಲು ಗಂಟೆಯ ಏರುದಾರಿ, ಮಂಡಿನೋವಿನವರೂ ನಿಂತು ನಿಂತು ಹತ್ತಬಹುದು. ದಾರಿಯುದ್ದಕ್ಕೂ ಅಂಗಡಿ, ಜನಜಂಗುಳಿ. ನನಗೆ ಜನ ಕಂಡರೆ ಆಗುವುದಿಲ್ಲ, ಹಾಗಾಗಿ ಹತ್ತು ಗಂಟೆಯೊಳಗೆ ಹೋಗಿ ಅಂತಲೇ ಹೇಳುತ್ತೇನೆ. ಸ್ವಲ್ಪ ಕೆಳಗೆ, ಬಂಡೆಗಳ ಸಂದಿಯಿಂದ ನೀರು ಹೊರಬಂದು ಹಸಿರು ಗಾಜಿನ ಹಾಗೆ ಹರಿಯುತ್ತದೆ. ಅಮ್ಮ ಅಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ, ಬೊಗಸೆಯಲ್ಲಿ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡರು. “ಐಸ್ ಇದ್ದಂಗಿದೆ ಕಣೋ” ಅಂದರು. ಒದ್ದೆ ಕೈಯನ್ನು ನನ್ನ ತಲೆಗೂ ಸವರಿದರು.

ಊಟ ಲೀಲ್‌ನಲ್ಲಿ ಅಂತ ಮೊದಲೇ ತೀರ್ಮಾನವಾಗಿತ್ತು. ಹನ್ನೆರಡು ಗಂಟೆ ಚಿಲ್ಲರೆಗೆ ಬಸ್ಸು ಅಂತ ಸ್ಟಾಪಿನ ಪಟ್ಟಿಯಲ್ಲಿತ್ತು. ಬಿಸಿಲಲ್ಲಿ ಐವತ್ತು ನಿಮಿಷ ನಿಂತೆವು, ಬಸ್ಸಿನ ಸುಳಿವಿಲ್ಲ. ಕೊನೆಗೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತು, ಪಟ್ಟಿಯಲ್ಲಿ ಆ ಸಮಯದ ಪಕ್ಕದ ಒಂದು ಅಕ್ಷರದ ಮೇಲೆ ಬೆರಳಿಟ್ಟರು. ಕೆಳಗೆ ಅದರ ಅರ್ಥ ಕೊಟ್ಟಿದ್ದರು: ‘ಪೆರಿಯೋದ್ ಸ್ಕೋಲೇರ್’, ಅಂದರೆ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ. ಫ್ರಾನ್ಸಿನ ಹಳ್ಳಿ ಬಸ್ಸುಗಳಲ್ಲಿ ಬಹಳಷ್ಟು ಶಾಲಾ ಮಕ್ಕಳಿಗೆಂದೇ ಓಡುವಂಥವು. ಜುಲೈ ಮೊದಲಿಂದ ಆಗಸ್ಟ್ ಕೊನೆವರೆಗೆ ಶಾಲೆಗೆ ರಜೆ. ಪ್ರವಾಸಿಗರು ತುಂಬಿ ತುಳುಕುವ ಕಾಲದಲ್ಲೇ ಬಸ್ಸು ಕಡಿಮೆ! ನನಗೆ ನಿಜಕ್ಕೂ ಸಿಟ್ಟು ಬಂತು, ಈಗಲೂ ಇದೆ. ಟ್ಯಾಕ್ಸಿ ಕರೆಸಿದೆವು. ಏಳು ಕಿಲೋಮೀಟರಿಗೆ 30 ಯೂರೋ ಕೊಟ್ಟೆ. ನೀವು ವಾಪಸ್ ಬಸ್ಸನ್ನು ಬೆಳಿಗ್ಗೆಯೇ ಡ್ರೈವರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಪಟ್ಟಿಯ ಫೋಟೋ ತೋರಿಸಿ ಕೇಳಿದರೆ ಭಾಷೆ ಬೇಕಾಗಿಲ್ಲ.

ಲೀಲ್ ಮುಟ್ಟಿದಾಗ ಒಂದೂ ಮುಕ್ಕಾಲು. ಆ ಕಡೆ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು, ಆಮೇಲೆ ಒಲೆ ಆರಿತೆಂದೇ ಲೆಕ್ಕ. ಹೊಳೆ ಪಕ್ಕದ ಎರಡು ಹೋಟೆಲಿನವರು ಆಗಲೇ ತಲೆಯಾಡಿಸಿಬಿಟ್ಟರು. ಒಳಗಿನ ಓಣಿಯಲ್ಲಿ ಐದೇ ಮೇಜಿನ ಒಂದು ಪುಟ್ಟ ಹೋಟೆಲು, ಹೊರಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘ಪ್ಲಾ ದ್ಯು ಜೂರ್’, ಅಂದರೆ ಆ ದಿನದ ಊಟ. ಬಾಗಿಲಲ್ಲಿ ‘ಬೋಂಜೂರ್’ ಅಂದು, ಅಮ್ಮನನ್ನು ತೋರಿಸಿ ‘ಸಾನ್ ವಿಯಾಂದ್, ಸಾನ್ ಪ್ವಾಸೋಂ, ಸಾನ್ ಅಫ್’ ಅಂದೆ: ಮಾಂಸ, ಮೀನು, ಮೊಟ್ಟೆ ಬೇಡ. ಹೋಟೆಲಿನಾಕೆ ಗಡಿಯಾರ ನೋಡಿದರು, ಅಮ್ಮನ ಮುಖ ನೋಡಿದರು, ಕುರ್ಚಿ ಎಳೆದು ಕೂರಿಸಿದರು.

ಬಂದದ್ದು ಸೂಪ್ ಓ ಪಿಸ್ತು. ಬಿಳಿ ಕಾಳು, ಹಸಿ ಹುರುಳಿಕಾಯಿ, ಟೊಮೆಟೊ, ನೋಡಲು ಸೌತೆಕಾಯಿಯಂಥ ಕುರ್ಜೆತ್, ಪುಟಾಣಿ ಪಾಸ್ತಾ ಎಲ್ಲಾ ಬೆಂದು ಗಟ್ಟಿಯಾದ ಸಾರು. ಜೊತೆಗೆ ಕಲ್ಲಿನ ಒರಳಲ್ಲೇ ತಂದಿಟ್ಟ ಪಿಸ್ತು: ತುಳಸಿಯ ಜಾತಿಯ ಬೇಸಿಲ್ ಎಲೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಕುಟ್ಟಿದ ಹಸಿರು ಚಟ್ನಿ. ಬಿಸಿ ಸಾರಿಗೆ ಒಂದು ಚಮಚ ಬಿಟ್ಟ ಕೂಡಲೇ ಘಮ್ಮಂತ ಎದ್ದ ಆ ವಾಸನೆ ನನ್ನ ಮೂಗಲ್ಲಿ ಇನ್ನೂ ಇದೆ. ಅಮ್ಮ ಎರಡು ಸಲ ಹಾಕಿಸಿಕೊಂಡರು. ಕೆಲವರು ಇದಕ್ಕೆ ಹಂದಿಮಾಂಸದ ಚೂರು ಹಾಕುತ್ತಾರೆ, ‘ಸಾನ್ ಲಾರ್ದೋಂ’ ಅಂತ ಹೇಳಿಬಿಡಿ. ಅಲ್ಲಿಯ ಸಾಂಪ್ರದಾಯಿಕ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದರಿಂದ ಅಮ್ಮನಿಗೆ ಚೀಸೂ ಬೇಡ ಅಂದೆವು. ಬ್ರೆಡ್ಡಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ನೀರಿಗೆ ‘ಕರಾಫ್ ದೋ’ ಅಂತ ಕೇಳಿ, ನಲ್ಲಿ ನೀರು ಪುಕ್ಕಟೆ. ಬರೀ ನೀರು ಅಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸಬಹುದು. ಇಬ್ಬರಿಗೂ ಸೇರಿ 26 ಯೂರೋ, ಟ್ಯಾಕ್ಸಿಗಿಂತ ಕಡಿಮೆ.

ಗುರುವಾರದ ಸಂತೆ ಅಷ್ಟು ಹೊತ್ತಿಗೆ ಮುಗಿದಿತ್ತು. ಭಾನುವಾರದ ಸಂತೆ ಇನ್ನೂ ದೊಡ್ಡದು, ಹಳೇ ಸಾಮಾನಿನ ವ್ಯಾಪಾರವೂ ಇರುತ್ತದೆ, ಅದಕ್ಕೆ ತಕ್ಕ ನೂಕುನುಗ್ಗಲೂ. ನಾನಾದರೆ ಗುರುವಾರವೇ ಹೋಗುತ್ತೇನೆ. ಊರ ಕಾಲುವೆಗಳಲ್ಲಿ ಹಿಂದೆ ಉಣ್ಣೆ, ರೇಷ್ಮೆ ಗಿರಣಿ ನಡೆಸುತ್ತಿದ್ದ ಮರದ ನೀರುಚಕ್ರಗಳಿವೆ, ಮೈತುಂಬ ಪಾಚಿ. ಒಂದರ ಎದುರಿನ ಬೆಂಚಿನ ಮೇಲೆ ಅಮ್ಮ ಕಾಲು ಚಾಚಿ ಕೂತರು. ಚಕ್ರ ತಿರುಗಿದಂತೆಲ್ಲ ಪಾಚಿಯಿಂದ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಐದು ಗಂಟೆಯ ರೈಲಿನವರೆಗೂ ನಾವು ಅಲ್ಲಿಂದ ಏಳಲಿಲ್ಲ.