ಸೈಕಲ್ಲಲ್ಲಿ ಕೆಲಸಕ್ಕೆ ಹೋಗುವವರು ನಗರದ ಹೊರಗೆ ಎಲ್ಲಿ ಮನೆ ಮಾಡಬೇಕು?

ದೊಡ್ಡ ನಗರದ ಸಹವಾಸ ಸಾಕು, ಹೊರವಲಯಕ್ಕೆ ಹೋಗೋಣ ಅಂತ ನಿರ್ಧಾರವಾದ ಕೂಡಲೇ ಎಲ್ಲರೂ ಮ್ಯಾಪ್ ತೆರೆದು ಆಫೀಸಿನಿಂದ ದೂರ ಅಳೆಯುತ್ತಾರೆ. 12 ಕಿ.ಮೀ. ತೋರಿಸಿದರೆ ಖುಷಿ, 18 ಅಂದರೆ ಅನುಮಾನ. ಸೈಕಲ್ ಓಡಾಟ ಕೈಕೊಡುವುದಕ್ಕೆ ದೂರ ಕಾರಣವಾಗುವುದು ಕಡಿಮೆ. ದಾರಿಯಲ್ಲಿರುವ ಅತಿ ಕೆಟ್ಟ ಒಂದು ಕಿಲೋಮೀಟರೇ ಅದನ್ನು ನಿಲ್ಲಿಸಿಬಿಡುತ್ತದೆ. 11 ಕಿ.ಮೀ. ನೆರಳಿನ ಒಳರಸ್ತೆ, ನಡುವೆ 800 ಮೀಟರ್ ಮೇಲ್ಸೇತುವೆ. ಅದರ ಮೇಲೆ ಲಾರಿಗಳು 80ರ ವೇಗದಲ್ಲಿ ನುಗ್ಗುತ್ತವೆ, ಪಕ್ಕಕ್ಕೆ ಸರಿಯಲು ಅಂಚೇ ಇಲ್ಲ. ಇಂಥ ದಾರಿ ಮೊದಲ ತಿಂಗಳು ಉತ್ಸಾಹದಲ್ಲಿ ಸಾಗುತ್ತದೆ. ಆಮೇಲೆ ಮಳೆ ಬಂದ ದಿನ ಬೇಡ, ತಡವಾದ ದಿನ ಬೇಡ, ನಿದ್ದೆಗೆಟ್ಟ ದಿನ ಬೇಡ ಅನ್ನುತ್ತಾ ಸೈಕಲ್ ಬಾಲ್ಕನಿ ಸೇರುತ್ತದೆ.

ದೂರದ ಲೆಕ್ಕ ಮೊದಲು ಮುಗಿಸೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 22–23 ಕಿ.ಮೀ. ವೇಗದಲ್ಲಿ ಓಡಿಸುವವರಿಗೂ ಸಿಗ್ನಲ್, ತಿರುವು, ಬೀಗ ಹಾಕುವುದು ಎಲ್ಲ ಸೇರಿದರೆ ಬಾಗಿಲಿನಿಂದ ಬಾಗಿಲಿಗೆ ಸರಾಸರಿ 16–18 ಮಾತ್ರ ದಕ್ಕುತ್ತದೆ. ಅಂದರೆ 12 ಕಿ.ಮೀ.ಗೆ 40ರಿಂದ 45 ನಿಮಿಷ. ಜನ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ಸೈಕಲ್ ಸವಾರರು ಅದಕ್ಕಿಂತ ಸ್ವಲ್ಪ ಜಾಸ್ತಿ ತಾಳಿಕೊಳ್ಳುತ್ತಾರೆ, ಏಕೆಂದರೆ ಆ ಹೊತ್ತು ವ್ಯಾಯಾಮಕ್ಕೂ ಸಂದಾಯವಾಗುತ್ತದೆ. ಒಂದು ಕಡೆಗೆ 8ರಿಂದ 15 ಕಿ.ಮೀ. ಹಿತವಾದ ಅಂತರ. 20 ಆದರೆ ವಾರಕ್ಕೆ 200 ಕಿ.ಮೀ.; ಅದನ್ನು ಐದೂ ದಿನ ಮಾಡುತ್ತೇನೆ ಅಂದುಕೊಂಡು ಮನೆ ಹಿಡಿಯಬೇಡಿ. ಎರಡು ದಿನ ಸೈಕಲ್, ಮೂರು ದಿನ ರೈಲು ಎಂದೇ ಲೆಕ್ಕ ಹಾಕಿ.

ಈಗ ಅಡ್ಡಗೋಡೆಗಳ ವಿಷಯ. ನದಿ, ರೈಲು ಹಳಿ, ಹೆದ್ದಾರಿ, ವಿಮಾನ ನಿಲ್ದಾಣ, ಸೇನೆಯ ಜಾಗ: ನಗರವನ್ನು ಹೊರವಲಯದಿಂದ ಬೇರ್ಪಡಿಸುವುದು ಇವೇ. ಇವನ್ನು ದಾಟಲು ಎಷ್ಟು ಕಡೆ ದಾರಿಯಿದೆ ಎಂದು ಎಣಿಸಿ. ಒಂದೇ ಸೇತುವೆ ಇದ್ದರೆ ಇಡೀ ಊರಿನ ವಾಹನಗಳೆಲ್ಲ ಅಲ್ಲೇ ನೆರೆಯುತ್ತವೆ, ಅದರ ದುರಸ್ತಿ ಶುರುವಾದರೆ ನಿಮ್ಮ ದಾರಿಯೇ ಇಲ್ಲ. ಕನಿಷ್ಠ ಎರಡು, ಅದರಲ್ಲಿ ಒಂದಾದರೂ ದೊಡ್ಡ ವಾಹನಗಳಿಗೆ ಪ್ರವೇಶವಿಲ್ಲದ್ದು ಬೇಕು. ಹಳಿ ಕೆಳಗಿನ ಕಿರಿದಾದ ಅಂಡರ್‌ಪಾಸ್, ಪಾದಚಾರಿ ಸೇತುವೆ, ಹಳೇ ಕಾಲದ ಕಲ್ಲುಸೇತುವೆ, ಯಾವುದಾದರೂ ಸರಿ. ಮೆಟ್ಟಿಲಿದ್ದರೆ ಅದನ್ನು ಲೆಕ್ಕದಿಂದ ಬಿಡಿ. ಬ್ಯಾಗು ತುಂಬಿದ 20 ಕೆ.ಜಿ. ಸೈಕಲ್ಲನ್ನು ದಿನಾ ಎರಡು ಸಲ ಹೊತ್ತು ಹತ್ತುವವರು ಯಾರೂ ಇಲ್ಲ.

ಇದನ್ನು ಮನೆಯಲ್ಲೇ ಕೂತು ಜರಡಿ ಹಿಡಿಯಲು ಒಂದು ಉಪಾಯವಿದೆ. ಸೈಕಲ್ ದಾರಿಯ ದೂರವನ್ನು ನೇರ ಗೆರೆಯ ದೂರದಿಂದ ಭಾಗಿಸಿ. 1.3ರೊಳಗಿದ್ದರೆ ರಸ್ತೆಜಾಲ ಚೆನ್ನಾಗಿದೆ. 1.5 ದಾಟಿದರೆ ಮಧ್ಯೆ ಏನೋ ಅಡ್ಡ ಕೂತಿದೆ, ಅದನ್ನು ಹುಡುಕಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸೈಕಲ್ ಪದರ ಇದಕ್ಕೆ ಅನುಕೂಲ. ಮಣ್ಣಿನ ದಾರಿ, ಗೇಟು, ಮೆಟ್ಟಿಲು ಎಲ್ಲ ಬೇರೆ ಬೇರೆ ಗುರುತಿನಲ್ಲಿ ಕಾಣುತ್ತವೆ. ಸವಾರರ ಓಡಾಟ ತೋರಿಸುವ ಹೀಟ್‌ಮ್ಯಾಪ್‌ಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅದರಲ್ಲಿ ಹೊಳೆಯುವ ರಸ್ತೆಗಳಲ್ಲಿ ಎಷ್ಟೋ ಭಾನುವಾರ ಬೆಳಗ್ಗೆ ಆರಕ್ಕೆ ಗುಂಪು ಕಟ್ಟಿಕೊಂಡು ಹೋಗುವವರದ್ದು. ಸೋಮವಾರ ಒಂಬತ್ತಕ್ಕೆ ಅದೇ ರಸ್ತೆಯ ಮುಖವೇ ಬೇರೆ.

ಹೆದ್ದಾರಿಗೆ ಏರುವ ಇಳಿಯುವ ಕವಲುಗಳನ್ನು ಬೇರೆಯಾಗಿ ನೋಡಬೇಕು. ನೀವು ನೇರ ಹೋಗುವಾಗ ಹಿಂದಿನಿಂದ ಬಂದ ಕಾರು ನಿಮ್ಮ ಮುಂದಿನಿಂದಲೇ ಕವಲಿಗೆ ಹಾಯುತ್ತದೆ, ವೇಗ ಕಡಿಮೆ ಮಾಡದೆ. ಬಣ್ಣ ಬಳಿದ ಸೈಕಲ್ ಪಟ್ಟಿ ಅಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇಂಥ ಎರಡು ಕವಲಿರುವ ದಾರಿಗಿಂತ 3 ಕಿ.ಮೀ. ಸುತ್ತು ಮೇಲು.

ಏರಿನ ಲೆಕ್ಕವನ್ನು ಜನ ಕಣ್ಣಂದಾಜಿನಲ್ಲಿ ಬಿಡುತ್ತಾರೆ, ಬಿಡಬಾರದು. ಸವಾರ, ಸೈಕಲ್, ಬ್ಯಾಗು ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. 100 ಮೀಟರ್ ಮೇಲಕ್ಕೆ ಎತ್ತಲು ಸುಮಾರು 83 ಕಿಲೋಜೌಲ್ ಬೇಕು. ಬೆವರಿಳಿಯದ ಹಾಗೆ ತುಳಿಯುವವರ ಶಕ್ತಿ 130 ವಾಟ್ ಆಸುಪಾಸು; ಹಾಗಾದರೆ ಬರೀ ಎತ್ತುವುದಕ್ಕೇ ಹತ್ತು ನಿಮಿಷ ಮೇಲೆ. ಇಳಿಜಾರಿನಲ್ಲಿ ಇದು ಪೂರ್ತಿ ವಾಪಸ್ ಬರುವುದಿಲ್ಲ, ಬ್ರೇಕಿಗೂ ಗಾಳಿಗೂ ಹೋಗುತ್ತದೆ. ಅದೇ 130 ವಾಟಿನಲ್ಲಿ ಸಮತಟ್ಟಿನಲ್ಲಿ 23 ಓಡುವ ಸೈಕಲ್ ಶೇ. 6ರ ಏರಿನಲ್ಲಿ (100 ಮೀಟರಿಗೆ 6 ಮೀಟರ್ ಎತ್ತರ) 8ಕ್ಕೆ ಇಳಿಯುತ್ತದೆ. ಏರು ಮನೆಯ ಕಡೆಗಿದ್ದರೆ ಒಳ್ಳೆಯದು: ಬೆಳಗ್ಗೆ ಇಳಿದು ಹೋಗುತ್ತೀರಿ, ಸಂಜೆ ಬೆವರಿದರೆ ಸ್ನಾನದ ಮನೆ ಪಕ್ಕದಲ್ಲೇ ಇದೆ. ಇನ್ನೊಂದು ಎಚ್ಚರ: ಮ್ಯಾಪ್ ತೋರಿಸುವ ಒಟ್ಟು ಏರು ನೆಲದ ಎತ್ತರವನ್ನು ಆಧರಿಸಿದ್ದು. ಕಣಿವೆಯ ಮೇಲಿನ ಸೇತುವೆಯನ್ನೂ ಗುಡ್ಡದೊಳಗಿನ ಸುರಂಗವನ್ನೂ ಅದು ಇಳಿದು ಹತ್ತಿದ ಹಾಗೆ ಎಣಿಸಿಬಿಡುತ್ತದೆ.

ಸಿಗ್ನಲ್ ಕೂಡ ಒಂಥರಾ ಏರೇ. 25ರ ವೇಗದಿಂದ ನಿಂತು ಮತ್ತೆ ಅದೇ ವೇಗಕ್ಕೆ ಬರುವುದು ಎರಡೂವರೆ ಮೀಟರ್ ಏರು ಹತ್ತಿದ್ದಕ್ಕೆ ಸಮ. ಇಪ್ಪತ್ತು ಸಲ ನಿಂತರೆ 50 ಮೀಟರ್ ಗುಡ್ಡ, ಕಾಯುವ ಹೊತ್ತು ಬೇರೆ. ಸಮತಟ್ಟಾದ ಊರಿನಲ್ಲೂ ಕಾಲು ಸೋಲುವುದು ಇದರಿಂದಲೇ.

ಗಾಳಿ ಇನ್ನೂ ಮೋಸಗಾರ. ಬಯಲಿನಲ್ಲಿ 15 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ಸಾಕು, 23ರಲ್ಲಿ ಹೋಗುತ್ತಿದ್ದವರು ಅದೇ ಶ್ರಮಕ್ಕೆ 16ಕ್ಕೆ ಬೀಳುತ್ತಾರೆ. ಹಿಂದಿನಿಂದ ಬೀಸಿದಾಗ ಉಳಿಯುವ ನಿಮಿಷಗಳು ಎದುರಿಗೆ ಕಳೆದುಕೊಂಡದ್ದಕ್ಕಿಂತ ಕಡಿಮೆ, ಆದ್ದರಿಂದ ಸರಿದೂಗುತ್ತದೆ ಅನ್ನುವ ಸಮಾಧಾನ ನಡೆಯುವುದಿಲ್ಲ. ಕೆರೆ ಏರಿ, ಗದ್ದೆ ಬಯಲು, ಸಮುದ್ರ ದಂಡೆಯ ದಾರಿಗಳನ್ನು ನೋಡುವಾಗ ಆ ಊರಿನಲ್ಲಿ ಸಂಜೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಹವಾಮಾನ ದಾಖಲೆಯಲ್ಲಿ ನೋಡಿ. ಮರ, ಮನೆಗಳ ಸಾಲಿರುವ ದಾರಿ ಉದ್ದವಿದ್ದರೂ ಬೇಗ ಮುಗಿಯುತ್ತದೆ.

ದಿಕ್ಕು ಕೂಡ ಮುಖ್ಯ, ಇದನ್ನು ಮನೆ ಹಿಡಿದ ಮೇಲೆ ಅರಿತುಕೊಳ್ಳುವವರೇ ಹೆಚ್ಚು. ನಗರದ ಪಶ್ಚಿಮಕ್ಕೆ ಮನೆ ಮಾಡಿದರೆ ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ, ಎರಡೂ ಹೊತ್ತು ಕೆಳಬಿಸಿಲು ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಕಣ್ಣು ಕುಕ್ಕುವುದು ಸಣ್ಣ ತೊಂದರೆ. ಹಿಂದಿನಿಂದ ಬರುವ ಚಾಲಕನಿಗೂ ಅದೇ ಬಿಸಿಲು, ಅವನಿಗೆ ನೀವು ಕಾಣುವುದಿಲ್ಲ. ಪೂರ್ವಕ್ಕೆ ಮನೆಯಿದ್ದರೆ ಬಿಸಿಲು ಬೆನ್ನಿಗೆ. ಆಗ ಎದುರಿನಿಂದ ಬಂದು ನಿಮ್ಮ ದಾರಿಗೆ ಅಡ್ಡ ತಿರುಗುವವರ ಮೇಲೆ ಕಣ್ಣಿಡಬೇಕು, ಅಷ್ಟೇ. ಉಳಿದೆಲ್ಲ ಸಮವಿದ್ದರೆ ಪೂರ್ವ ಆಯ್ಕೆ ಮಾಡಿ.

ನದಿ ದಂಡೆಯ ಸೈಕಲ್ ದಾರಿ ಜಾಹೀರಾತಿನಲ್ಲಿ ಚೆಂದ. ಅಲ್ಲಿ ದೀಪವಿದೆಯೇ, ಪ್ರವಾಹದಲ್ಲಿ ಮುಳುಗುತ್ತದೆಯೇ, ಉದ್ಯಾನದೊಳಗೆ ಹಾದರೆ ಗೇಟು ಎಷ್ಟಕ್ಕೆ ಹಾಕುತ್ತಾರೆ? 50 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಡಿಸೆಂಬರಿನ ಹಗಲು ಎಂಟೇ ಗಂಟೆ, ಹೋಗುವುದೂ ಬರುವುದೂ ಕತ್ತಲಲ್ಲೇ. ಅಂಥ ದಾರಿಗೆ ಎದುರಿನವರ ಕಣ್ಣಿಗೆ ರಾಚದ, ಮೇಲಂಚು ಕತ್ತರಿಸಿದ ಬೆಳಕಿನ 60 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಮೇಲಿನ ದೀಪ ಬೇಕು.

ಸೈಕಲ್ ಕೈಕೊಟ್ಟ ದಿನಕ್ಕೆ ಇನ್ನೊಂದು ದಾರಿ ಇಲ್ಲದ ಊರು ಬೇಡ. ಮನೆಯಿಂದ 2 ಕಿ.ಮೀ. ಒಳಗೆ ರೈಲು ಅಥವಾ ಮೆಟ್ರೋ ನಿಲ್ದಾಣವಿರಲಿ. ದಟ್ಟಣೆಯ ಹೊತ್ತಿನಲ್ಲಿ ಇಡೀ ಸೈಕಲ್ಲನ್ನು ಒಳಗೆ ಬಿಡುತ್ತಾರೆಯೇ ಎಂಬ ನಿಯಮವನ್ನು ಓದಿಯೇ ತಿಳಿಯಿರಿ. ಬಹಳ ಕಡೆ ಮಧ್ಯಾಹ್ನ ಬಿಟ್ಟು ಬೆಳಗ್ಗೆ ಸಂಜೆ ತಡೆಯುತ್ತಾರೆ. 16 ಇಂಚು ಚಕ್ರದ ಮಡಚುವ ಸೈಕಲ್ಲಿಗೆ ಸಾಮಾನ್ಯವಾಗಿ ತಕರಾರಿಲ್ಲ. ವೇಳಾಪಟ್ಟಿಯಲ್ಲಿ ಬೆಳಗಿನ ರೈಲು ನೋಡುವುದಲ್ಲ, ರಾತ್ರಿ ಒಂಬತ್ತರ ನಂತರ ಎಷ್ಟು ಹೊತ್ತಿಗೊಂದು ರೈಲು ಅಂತ ನೋಡಿ. ಪಂಚರ್ ಆಗುವುದು, ಚೈನ್ ಕಡಿಯುವುದು ತಡವಾದ ದಿನವೇ.

ಇಷ್ಟೆಲ್ಲ ಕಾಗದದ ಮೇಲೆ ಒಪ್ಪಿಗೆಯಾದರೆ, ಮುಂಗಡ ಕೊಡುವ ಮುಂಚೆ ಒಮ್ಮೆ ಓಡಿಸಿ ನೋಡಿ. ಮಂಗಳವಾರವೋ ಬುಧವಾರವೋ, ನಿಜವಾಗಿ ಹೊರಡುವ ಹೊತ್ತಿಗೆ, ಲ್ಯಾಪ್‌ಟಾಪ್, ಊಟ, ಬದಲಿ ಬಟ್ಟೆ ತುಂಬಿದ ಬ್ಯಾಗಿನ ಸಮೇತ. ಎರಡೂ ಕಡೆಗೆ, ಸಂಜೆಯದ್ದು ಕತ್ತಲಾದ ಮೇಲೆ. ಜಿಪಿಎಸ್‌ನಲ್ಲಿ ಒಟ್ಟು ಹೊತ್ತು ಮತ್ತು ಚಲಿಸಿದ ಹೊತ್ತು ಎರಡನ್ನೂ ನೋಡಿ, ವ್ಯತ್ಯಾಸ ಶೇ. 20 ಮೀರಿದರೆ ಆ ದಾರಿ ನಿಲ್ಲಿಸಿ ನಿಲ್ಲಿಸಿ ಕೊಲ್ಲುತ್ತದೆ. ಎಲ್ಲೆಲ್ಲಿ ಕೈ ಬ್ರೇಕ್ ಹಿಡಿಕೆಯನ್ನು ಬಿಗಿಹಿಡಿದಿತ್ತೋ ಆ ಜಾಗಗಳನ್ನು ಬರೆದಿಟ್ಟುಕೊಳ್ಳಿ. ಐದಕ್ಕಿಂತ ಹೆಚ್ಚಿದ್ದರೆ ಬೇರೆ ದಾರಿ ಹುಡುಕಿ, ಬೇರೆ ದಾರಿ ಇಲ್ಲದಿದ್ದರೆ ಬೇರೆ ಊರು.

ಮನೆಯೊಳಗೆ ನೋಡಬೇಕಾದದ್ದು ಸ್ವಲ್ಪ. ನೆಲಮಹಡಿ ಅಥವಾ ಸೈಕಲ್ ಹಿಡಿಯುವಷ್ಟು ಉದ್ದದ ಲಿಫ್ಟ್ (ಸೈಕಲ್ಲಿನ ಉದ್ದ 1.8 ಮೀಟರ್, ಚಿಕ್ಕ ಲಿಫ್ಟಿನಲ್ಲಿ ಹಿಂಚಕ್ರದ ಮೇಲೆ ನಿಲ್ಲಿಸಬೇಕಾಗುತ್ತದೆ). ಒದ್ದೆ ಬಟ್ಟೆ ಒಣಗಿಸಲು ಜಾಗ. ಎಲ್ಲರೂ ಬಳಸುವ ನೆಲಮಾಳಿಗೆಯಾದರೆ ಗೋಡೆಗೋ ನೆಲಕ್ಕೋ ಕೂರಿಸಿದ ಕೊಕ್ಕೆಯಿಲ್ಲದೆ ಸೈಕಲ್ ಇಡಬೇಡಿ.

ಎಲೆಕ್ಟ್ರಿಕ್ ಸೈಕಲ್ ಈ ಲೆಕ್ಕವನ್ನೆಲ್ಲ ಸಡಿಲಿಸುತ್ತದೆ, ಅಳಿಸುವುದಿಲ್ಲ. ಏರು ಮತ್ತು ಎದುರುಗಾಳಿ ಹೆಚ್ಚುಕಡಿಮೆ ಮಾಯ. ಆದರೆ ಎಷ್ಟೋ ದೇಶಗಳಲ್ಲಿ ಮೋಟಾರು 25 ಕಿ.ಮೀ. ವೇಗಕ್ಕೆ ಕಡಿತವಾಗುವುದರಿಂದ ಉದ್ದ ಸಮತಟ್ಟು ದಾರಿಯಲ್ಲಿ ಹೊತ್ತೇನೂ ಉಳಿಯುವುದಿಲ್ಲ. ಕಿಲೋಮೀಟರಿಗೆ 10 ವಾಟ್-ಅವರ್ ವಿದ್ಯುತ್ ಖರ್ಚು ಎಂದರೆ 500 ವಾಟ್-ಅವರ್ ಬ್ಯಾಟರಿ 50 ಕಿ.ಮೀ. ಬರುತ್ತದೆ; ಚಳಿಯಲ್ಲಿ, ಹಳತಾದಂತೆ ಅದು 35ಕ್ಕೆ ಇಳಿಯುತ್ತದೆ. ಒಂದು ಕಡೆಗೆ 20 ಇರುವವರು ಆಫೀಸಿನಲ್ಲೂ ಚಾರ್ಜರ್ ಇಡಬೇಕು. ಸೈಕಲ್ 23–25 ಕೆ.ಜಿ. ತೂಗುವುದರಿಂದ ಮೊದಲ ಮಹಡಿಯೂ ದೂರವೇ.

ಕೊನೆಗೆ ಆಫೀಸು ಬಿಟ್ಟು ಉಳಿದ ಓಡಾಟ. ಕೆಲಸಕ್ಕೆ ಸೈಕಲ್ ಚೆನ್ನಾಗಿ ನಡೆದು, ತರಕಾರಿಗೆ, ಶಾಲೆಗೆ, ಔಷಧಿಗೆಲ್ಲ ಕಾರೇ ಬೇಕಾದ ಊರು ಅಂದರೆ ಮನೆಗೆ ಎರಡನೇ ಕಾರು ಬಂತೆಂದೇ ಅರ್ಥ. ಬಾಡಿಗೆಯಲ್ಲಿ ಉಳಿದದ್ದು ಅದರ ಹೊಟ್ಟೆಗೆ ಹೋಗುತ್ತದೆ. ದಿನಸಿ ಅಂಗಡಿ 2 ಕಿ.ಮೀ. ಒಳಗೆ, ಸೈಕಲ್ ರಿಪೇರಿಯವನು ದಾರಿಯ ಯಾವುದಾದರೂ ಒಂದು ತುದಿಯಲ್ಲಿ ಇರಬೇಕು. ಒಂದು ಕಡೆಗೆ 15 ಕಿ.ಮೀ. ಆದರೆ ವರ್ಷಕ್ಕೆ 6,500–7,000 ಕಿ.ಮೀ. ಆಗುತ್ತದೆ, ಅಷ್ಟರಲ್ಲಿ ಎರಡು ಚೈನ್, ಒಂದು ಜೊತೆ ಟೈರ್, ಬ್ರೇಕ್ ಪ್ಯಾಡುಗಳು ಸವೆಯುತ್ತವೆ. ಕೊಳ್ಳುವ ಯೋಚನೆ ಇರುವವರು ಮೊದಲು ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ನೋಡಿ, ಆ ಬಾಡಿಗೆಯ ಅವಧಿಯೊಳಗೆ ಅಲ್ಲಿನ ಅತಿ ಕೆಟ್ಟ ಋತು ಬಂದು ಹೋಗುವ ಹಾಗೆ.